ಇಂಗ್ಲಿಷಿನ ‘ರನ್’: ಅರ್ಥ ಹಿಡಿಯುವುದು, ಸಮಾನಾರ್ಥಕ ಆರಿಸುವುದು ಹೇಗೆ

ಮೂರೇ ಅಕ್ಷರದ ‘ರನ್’ ಪದವನ್ನು ಶಾಲೆಯಲ್ಲಿ ‘ಓಡು’ ಎಂದು ಕಲಿಸಿ ಮುಂದೆ ಹೋಗಿಬಿಡುತ್ತಾರೆ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಈ ಪದಕ್ಕೆ ಕ್ರಿಯಾಪದವಾಗಿಯೇ 645 ಅರ್ಥಗಳಿವೆ. ಅವನ್ನು ಬಿಡಿಸಿ ಬರೆಯಲು ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದಾಗಿತ್ತು. ಈಗ ಆ ಜಾಗ ‘ರನ್’ನದು.

ಅಷ್ಟನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ದಿನಬಳಕೆಯ ಅರ್ಥಗಳೆಲ್ಲ ಐದಾರು ಕುಟುಂಬಗಳಲ್ಲಿ ಸೇರುತ್ತವೆ: ಕಾಲಿನಿಂದ ಓಡುವುದು, ದ್ರವ ಹರಿಯುವುದು, ಯಂತ್ರ ಅಥವಾ ಸಂಸ್ಥೆ ನಡೆಯುವುದು, ದಾರಿ ಅಥವಾ ಕಾಲ ಚಾಚಿಕೊಳ್ಳುವುದು, ಯಾವುದೋ ಸ್ಥಿತಿಗೆ ಬರುವುದು, ಸ್ಪರ್ಧಿಸುವುದು. ವಾಕ್ಯವೊಂದು ಎದುರಾದಾಗ ಅದು ಯಾವ ಕುಟುಂಬದ್ದು ಎಂದು ಗುರುತಿಸಿದರೆ ಅರ್ಥವೂ ಸಿಗುತ್ತದೆ, ಅದರ ಬದಲಿಗೆ ಯಾವ ಪದ ಹಾಕಬಹುದು ಎನ್ನುವುದೂ ತಿಳಿಯುತ್ತದೆ.

ಓಡುವವರು ಯಾರು, ಓಡಿಸುವವರು ಯಾರು

ಕನ್ನಡದಲ್ಲಿ ಓಡು ಬೇರೆ, ಓಡಿಸು ಬೇರೆ. ನಡೆ–ನಡೆಸು, ಹರಿ–ಹರಿಸು ಕೂಡ ಹಾಗೆಯೇ. ‘ಇಸು’ ಸೇರಿದ ಕೂಡಲೇ ಮಾಡಿಸುವವರು ಇನ್ನೊಬ್ಬರಿದ್ದಾರೆ ಎಂದು ಗೊತ್ತಾಗುತ್ತದೆ. ಹಳೆಯ ಇಂಗ್ಲಿಷಿನಲ್ಲೂ ತಾನೇ ಓಡುವುದಕ್ಕೆ ಒಂದು ಕ್ರಿಯಾಪದ, ಓಡಿಸುವುದಕ್ಕೆ ಇನ್ನೊಂದು ಇತ್ತು. ಕಾಲಕ್ರಮದಲ್ಲಿ ಎರಡೂ ಬೆರೆತು ಒಂದೇ ‘ರನ್’ ಆದವು. ಹೀಗಾಗಿ ‘ದ ಮೆಷೀನ್ ರನ್ಸ್’ ಎಂದರೆ ಯಂತ್ರ ಓಡುತ್ತದೆ, ‘ಶೀ ರನ್ಸ್ ದ ಮೆಷೀನ್’ ಎಂದರೆ ಅವಳು ಯಂತ್ರ ಓಡಿಸುತ್ತಾಳೆ. ಕ್ರಿಯಾಪದದ ರೂಪದಲ್ಲಿ ಏನೂ ವ್ಯತ್ಯಾಸವಿಲ್ಲ.

ಆದ್ದರಿಂದ ಮೊದಲ ಹೆಜ್ಜೆ: ‘ರನ್’ ಆದಮೇಲೆ ನೇರವಾಗಿ ನಾಮಪದ ಬಂದಿದೆಯೇ ನೋಡಿ. ಬಂದಿದ್ದರೆ ಬಹುಪಾಲು ಅದು ‘ಇಸು’ ಬಗೆಯದು: ನಡೆಸು, ಓಡಿಸು, ಹರಿಸು, ಚಲಾಯಿಸು. ಬಾರದಿದ್ದರೆ ಕರ್ತೃವೇ ಓಡುತ್ತಿದೆ, ಹರಿಯುತ್ತಿದೆ ಅಥವಾ ಸಾಗುತ್ತಿದೆ. ಕೆಲವು ಜೋಡಿಗಳು ಇದಕ್ಕೆ ಹೊರತು: ‘ರನ್ ಎ ಮೈಲ್’ (ಒಂದು ಮೈಲಿ ಓಡು), ‘ರನ್ ಎ ಫೀವರ್’ (ಜ್ವರ ಬಂದಿರು), ‘ರನ್ ಎ ರಿಸ್ಕ್’ (ಅಪಾಯಕ್ಕೆ ಒಡ್ಡಿಕೊಳ್ಳು). ಇವನ್ನು ಇಡೀ ಜೋಡಿಯಾಗಿಯೇ ನೆನಪಿಡಬೇಕು. ‘ಶೀ ರನ್ಸ್ ದ ಮ್ಯಾರಥಾನ್’ ಎಂಬ ವಾಕ್ಯಕ್ಕಂತೂ ನಿಜವಾಗಿಯೂ ಎರಡರ್ಥ. ಅವಳು 42.195 ಕಿಲೋಮೀಟರ್ ಓಡುತ್ತಾಳೆ ಎಂದೂ ಆಗಬಹುದು, ಆ ಸ್ಪರ್ಧೆಯನ್ನು ಅವಳೇ ನಡೆಸುತ್ತಾಳೆ ಎಂದೂ ಆಗಬಹುದು. ನೀವೇ ಬರೆಯುವಾಗ ಎರಡನೆಯ ಅರ್ಥಕ್ಕೆ ‘ಆರ್ಗನೈಸಸ್’ ಹಾಕಿದರೆ ಗೊಂದಲ ಇರುವುದಿಲ್ಲ.

ಕನ್ನಡಿಗರು ಹೆಚ್ಚು ಎಡವುವುದು ‘ಗಾಡಿ ಓಡಿಸು’ ಎನ್ನುವಲ್ಲಿ. ಸ್ಟೀರಿಂಗ್ ಹಿಡಿದು ಕಾರು ಓಡಿಸುವುದು ‘ಡ್ರೈವ್’. ಬೈಕು, ಸೈಕಲ್, ಕುದುರೆಗೆ ‘ರೈಡ್’. ‘ರನ್ ಎ ಕಾರ್’ ಎಂಬ ಪ್ರಯೋಗವೂ ಇದೆ, ಆದರೆ ಅದರ ಅರ್ಥ ಕಾರನ್ನು ಇಟ್ಟುಕೊಂಡು ಇಂಧನ, ರಿಪೇರಿ, ವಿಮೆಯ ಖರ್ಚು ನಿಭಾಯಿಸುವುದು. ‘ಐ ಕಾಂಟ್ ಅಫೋರ್ಡ್ ಟು ರನ್ ಎ ಕಾರ್’ ಎಂದವರು ಕಾರು ಸಾಕಲು ಆಗುವುದಿಲ್ಲ ಎನ್ನುತ್ತಿದ್ದಾರೆ, ಡ್ರೈವಿಂಗ್ ಬರುವುದಿಲ್ಲ ಎಂದಲ್ಲ. ಬಸ್ಸು, ರೈಲುಗಳ ಸಂಚಾರಕ್ಕೆ ಮಾತ್ರ ‘ರನ್’ ಸಲೀಸಾಗಿ ಹೊಂದುತ್ತದೆ: ‘ಬಸಸ್ ರನ್ ಎವ್ರಿ ಟೆನ್ ಮಿನಿಟ್ಸ್’. ಇಲ್ಲಿ ‘ಆಪರೇಟ್’ ಹಾಕಿದರೂ ಸರಿ, ಪ್ರಕಟಣೆಯ ಧಾಟಿ ಬರುತ್ತದೆ ಅಷ್ಟೆ.

ಕಾಲಿನ ಓಟಕ್ಕೆ ಬದಲಿ ಪದಗಳು

ಇಲ್ಲಿ ವೇಗ, ದೂರ, ಕಾರಣ ಮೂರನ್ನೂ ನೋಡಿ ಪದ ಆರಿಸಬೇಕು. ‘ಜಾಗ್’ ಎಂದರೆ ವ್ಯಾಯಾಮಕ್ಕಾಗಿ ನಿಧಾನವಾಗಿ, ಒಂದೇ ಗತಿಯಲ್ಲಿ ಓಡುವುದು. ‘ಸ್ಪ್ರಿಂಟ್’ ಎಂದರೆ ಇರುವ ಶಕ್ತಿಯನ್ನೆಲ್ಲ ಹಾಕಿ ಕಡಿಮೆ ದೂರ ಓಡುವುದು. 100, 200, 400 ಮೀಟರ್ ಓಟಗಳು ಈ ಗುಂಪಿನವು. ಐದು ಕಿಲೋಮೀಟರ್ ‘ಸ್ಪ್ರಿಂಟ್’ ಮಾಡಿದೆ ಎಂದು ಬರೆದರೆ ತಪ್ಪಾಗುತ್ತದೆ. ‘ಡ್ಯಾಶ್’ನಲ್ಲಿ ಅವಸರವಿದೆ: ಮಳೆ ಶುರುವಾದಾಗ ಹತ್ತಿರದ ಸೂರಿನಡಿಗೆ ನುಗ್ಗುವಂಥದ್ದು. ‘ಬೋಲ್ಟ್’ ಎಂದರೆ ಬೆದರಿದ ಕುದುರೆ ತಟ್ಟನೆ ಕಿತ್ತುಕೊಂಡು ಓಡುವ ಹಾಗೆ. ‘ಸ್ಕರಿ’ ಎಂದರೆ ಇಲಿ ಗೋಡೆಯಂಚಿನಲ್ಲಿ ಚಿಕ್ಕಚಿಕ್ಕ ಹೆಜ್ಜೆಯಲ್ಲಿ ಸರಸರ ಓಡುವುದು. ‘ಗ್ಯಾಲಪ್’ ಕುದುರೆಯ ನಾಗಾಲೋಟ, ‘ಟ್ರಾಟ್’ ಅದರ ಕುಕ್ಕುಲೋಟ.

ಕಾಲಿಗೆ ಬುದ್ಧಿ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ಲೀ’ ಇದೆ. ಅದಕ್ಕೆ ಕಾಲೇ ಬೇಕೆಂದಿಲ್ಲ. ವಿಮಾನ ಹತ್ತಿ ದೇಶ ಬಿಟ್ಟವನೂ ‘ಫ್ಲೆಡ್ ದ ಕಂಟ್ರಿ’. ‘ಎಸ್ಕೇಪ್’ ಇದಕ್ಕೆ ತೀರ ಹತ್ತಿರದ ಪದವಾದರೂ ಒಂದು ಮುಖ್ಯ ವ್ಯತ್ಯಾಸವಿದೆ. ‘ಎಸ್ಕೇಪ್ಡ್’ ಎಂದರೆ ತಪ್ಪಿಸಿಕೊಂಡದ್ದು ಆಗಿಹೋಯಿತು, ‘ಫ್ಲೆಡ್’ ಎಂದರೆ ಓಡಿದ್ದಷ್ಟೇ, ಆಮೇಲೆ ಸಿಕ್ಕಿಬಿದ್ದಿರಲೂಬಹುದು. ಅಪರಾಧದ ಸುದ್ದಿ ಬರೆಯುವವರಿಗೆ ಇದು ಬಹಳ ಮುಖ್ಯ. ‘ಫ್ಲೀ’ಯ ಭೂತಕಾಲ ‘ಫ್ಲೆಡ್’, ‘ಫ್ಲೈ’ಯದು ‘ಫ್ಲೂ’ ಎಂಬುದನ್ನೂ ಗಮನದಲ್ಲಿಡಿ.

ನಲ್ಲಿಯ ಹತ್ತಿರ ನಿಂತು ನೋಡಿದರೆ

ದ್ರವದ ‘ರನ್’ ಅರ್ಥವಾಗಲು ಒಂದು ನಲ್ಲಿ ಸಾಕು. ನಲ್ಲಿ ಬಿಟ್ಟಿದೆ, ನೀರು ಸುರಿಯುತ್ತಿದೆ ಎನ್ನಿ. ‘ದ ವಾಟರ್ ಈಸ್ ರನ್ನಿಂಗ್’ ಎಂದೂ ಹೇಳಬಹುದು, ‘ದ ಟ್ಯಾಪ್ ಈಸ್ ರನ್ನಿಂಗ್’ ಎಂದೂ ಹೇಳಬಹುದು. ಈಗ ‘ರನ್’ ತೆಗೆದು ‘ಫ್ಲೋ’ ಹಾಕಿ. ‘ದ ವಾಟರ್ ಈಸ್ ಫ್ಲೋಯಿಂಗ್’ ಸರಿ. ‘ದ ಟ್ಯಾಪ್ ಈಸ್ ಫ್ಲೋಯಿಂಗ್’ ಕಿವಿಗೆ ಕೊಸರುತ್ತದೆ. ಹರಿಯುವುದು ನೀರು, ನಲ್ಲಿಯಲ್ಲವಲ್ಲ. ‘ರನ್’ಗೆ ಒಳಗಿನ ವಸ್ತುವೂ ಕರ್ತೃವಾಗಬಹುದು, ಅದು ಹೊರಬರುವ ಜಾಗವೂ ಆಗಬಹುದು. ‘ಫ್ಲೋ’ ಪದಕ್ಕೆ ಸಾಮಾನ್ಯವಾಗಿ ಒಳಗಿನ ವಸ್ತುವೇ ಬೇಕು. ‘ಮೈ ನೋಸ್ ಈಸ್ ರನ್ನಿಂಗ್’ ಸರಿಯಾಗಿ, ‘ಮೈ ನೋಸ್ ಈಸ್ ಫ್ಲೋಯಿಂಗ್’ ತಪ್ಪಾಗುವುದಕ್ಕೂ ಇದೇ ಕಾರಣ.

ಈಗ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿ. ಆದರೂ ತೊಟ್ಟಿಕ್ಕುತ್ತಿದ್ದರೆ ‘ಡ್ರಿಪ್’. ಬುಡದ ಜೋಡಣೆಯಿಂದ ಒಸರುತ್ತಿದ್ದರೆ ‘ಲೀಕ್’. ಸಣ್ಣ ಎಳೆಯಾಗಿ ಇಳಿಯುತ್ತಿದ್ದರೆ ‘ಟ್ರಿಕಲ್’. ಪೈಪು ಒಡೆದು ರಭಸದಿಂದ ಚಿಮ್ಮಿದರೆ ‘ಗಶ್’. ಕನ್ನಡದ ‘ಸೋರು’ ಇವುಗಳಲ್ಲಿ ಮೊದಲೆರಡಕ್ಕೂ, ಮೂಗಿಗೂ ಸಲ್ಲುತ್ತದೆ. ಅದಕ್ಕೇ ‘ನಲ್ಲಿ ಸೋರುತ್ತಿದೆ’ ಎನ್ನಲು ‘ದ ಟ್ಯಾಪ್ ಈಸ್ ರನ್ನಿಂಗ್’ ಎಂದು ಬರೆದುಬಿಡುತ್ತೇವೆ. ಓದಿದವರು ಯಾರೋ ನಲ್ಲಿ ನಿಲ್ಲಿಸಲು ಮರೆತಿದ್ದಾರೆ ಎಂದುಕೊಳ್ಳುತ್ತಾರೆ, ಪ್ಲಂಬರ್ ಬೇಕೆಂದು ಅವರಿಗೆ ಹೊಳೆಯುವುದಿಲ್ಲ.

ಬಟ್ಟೆ ಬಣ್ಣ ಬಿಡುವುದೂ ಈ ಕುಟುಂಬಕ್ಕೇ ಸೇರಿದ್ದು. ಒದ್ದೆಯಾದಾಗ ಬಣ್ಣ ಕರಗಿ ಪಕ್ಕದ ಬಟ್ಟೆಗೆ ಹತ್ತಿದರೆ ‘ದ ಕಲರ್ಸ್ ರ‍್ಯಾನ್’, ಇಲ್ಲಿ ‘ಬ್ಲೀಡ್’ ಕೂಡ ನಡೆಯುತ್ತದೆ. ಬಿಸಿಲಿಗೋ ಬಹಳ ಸಲ ಒಗೆದೋ ಬಣ್ಣ ಮಾಸಿದರೆ ಅದು ‘ಫೇಡ್’, ಅಲ್ಲಿ ‘ರನ್’ ಬರಬಾರದು.

ಕನ್ನಡ ನಡೆಸುತ್ತದೆ, ಇಂಗ್ಲಿಷ್ ಓಡಿಸುತ್ತದೆ

ಅಂಗಡಿ, ಶಾಲೆ, ಸಂಸ್ಥೆ, ಸಂಸಾರ, ಸರ್ಕಾರ ಎಲ್ಲವನ್ನೂ ಕನ್ನಡದಲ್ಲಿ ‘ನಡೆಸು’ತ್ತೇವೆ. ನಡಿಗೆಯಿಂದ ಬಂದ ಮಾತು. ಇಂಗ್ಲಿಷ್ ಇವೆಲ್ಲವನ್ನೂ ‘ರನ್’ ಮಾಡುತ್ತದೆ. ಇಲ್ಲಿಯವರೆಗೆ ಎರಡೂ ಸರಿಯಾಗಿ ಕೂಡುತ್ತವೆ. ಮುಂದೆ ದಾರಿ ಬೇರೆಯಾಗುತ್ತದೆ, ಏಕೆಂದರೆ ನಮ್ಮ ‘ನಡೆಸು’ ಇನ್ನೂ ಅಗಲವಾದದ್ದು.

ಸಭೆ ನಡೆಸುವುದು ‘ಹೋಲ್ಡ್ ಎ ಮೀಟಿಂಗ್’. ‘ರನ್ ಎ ಮೀಟಿಂಗ್’ ಎಂದರೆ ಅಧ್ಯಕ್ಷರ ಜಾಗದಲ್ಲಿದ್ದು ಸಭೆಯನ್ನು ಹದ್ದುಬಸ್ತಿನಲ್ಲಿ ಮುನ್ನಡೆಸುವುದು. ಮಾತುಕತೆ ನಡೆಸುವುದು ‘ಹೋಲ್ಡ್ ಟಾಕ್ಸ್’, ಇಲ್ಲಿ ‘ರನ್’ ಒಗ್ಗುವುದೇ ಇಲ್ಲ. ಪರೀಕ್ಷೆ, ಸಮೀಕ್ಷೆ, ತನಿಖೆಗೆ ‘ಕಂಡಕ್ಟ್’ ಸರಿಯಾದ ಪದ. ಪ್ರಯೋಗಾಲಯದ ಪರೀಕ್ಷೆಗಾದರೆ ‘ರನ್ ಎ ಟೆಸ್ಟ್’ ಬಹಳ ಸಹಜ. ಜೀವನ ನಡೆಸುವುದು ‘ಲೀಡ್ ಎ ಲೈಫ್’. ದಾಳಿ ನಡೆಸುವುದು ‘ಕ್ಯಾರಿ ಔಟ್ ಆ್ಯನ್ ಅಟ್ಯಾಕ್’.

ಸಂಸ್ಥೆಯ ವಿಷಯದಲ್ಲಿ ‘ರನ್’, ‘ಮ್ಯಾನೇಜ್’, ‘ಆಪರೇಟ್’, ‘ಅಡ್ಮಿನಿಸ್ಟರ್’ ನಾಲ್ಕನ್ನೂ ನಿಘಂಟು ಒಂದೇ ಸಾಲಿನಲ್ಲಿ ಕೊಡುತ್ತದೆ. ಬಳಕೆಯಲ್ಲಿ ಅವು ಒಂದೇ ಅಲ್ಲ. ‘ಶೀ ರನ್ಸ್ ದ ಕಂಪನಿ’ ಎಂದರೆ ಕೊನೆಯ ಮಾತು ಅವಳದು. ‘ಶೀ ಮ್ಯಾನೇಜಸ್ ದ ಕಂಪನಿ’ ಎಂದರೆ ದಿನನಿತ್ಯದ ವ್ಯವಹಾರ ಅವಳು ನೋಡಿಕೊಳ್ಳುತ್ತಾಳೆ, ಮೇಲೆ ಮಾಲೀಕರು ಬೇರೆ ಇರಬಹುದು. ‘ಆಪರೇಟ್’ ಯಂತ್ರ, ಗಣಿ, ವಿಮಾನ ಸೇವೆಯಂಥವಕ್ಕೆ. ಆಸ್ಪತ್ರೆಯ ವಾಕ್ಯದಲ್ಲಿ ಇದನ್ನು ಬಳಸುವಾಗ ಹುಷಾರು: ‘ಆಪರೇಟ್ಸ್ ಎ ಹಾಸ್ಪಿಟಲ್’ ಎಂದರೆ ಆಸ್ಪತ್ರೆ ನಡೆಸುತ್ತಾರೆ, ನಡುವೆ ಒಂದು ‘ಇನ್’ ಸೇರಿದರೆ ಅವರು ಅಲ್ಲಿ ಶಸ್ತ್ರಚಿಕಿತ್ಸೆ ಮಾಡುವವರಾಗುತ್ತಾರೆ. ‘ಅಡ್ಮಿನಿಸ್ಟರ್’ ನಿಯಮ, ನಿಧಿ, ಆಡಳಿತಕ್ಕೆ ಸಂಬಂಧಿಸಿದ್ದು. ರೋಗಿಗೆ ಔಷಧಿ ಕೊಡುವುದಕ್ಕೂ ಅದೇ ಪದ.

ಕಂಪ್ಯೂಟರಿನ ‘ರನ್’ಗೆ ‘ಎಕ್ಸಿಕ್ಯೂಟ್’ ಸಮಾನ ಪದ, ಆದರೆ ಅದು ಪ್ರೋಗ್ರಾಂ ಮತ್ತು ಆದೇಶಗಳಿಗೆ ಮಾತ್ರ. ಮನುಷ್ಯರಿಗೆ ಹಚ್ಚಿದರೆ ಮರಣದಂಡನೆ ಎಂದಾಗುತ್ತದೆ. ಆ್ಯಪ್ ತೆರೆಯುವುದು ‘ಓಪನ್’ ಅಥವಾ ‘ಲಾಂಚ್’. ತೆರೆದ ಮೇಲೆ ಅದು ಕೆಲಸ ಮಾಡುತ್ತಾ ಇರುವುದು ‘ರನ್’.

ಚುನಾವಣೆಯಲ್ಲಿ ಕನ್ನಡದವರು ‘ನಿಲ್ಲು’ತ್ತಾರೆ. ಬ್ರಿಟಿಷ್ ಇಂಗ್ಲಿಷಿನಲ್ಲೂ ‘ಸ್ಟ್ಯಾಂಡ್ ಫಾರ್ ಎಲೆಕ್ಷನ್’ ಎಂದು ನಿಲ್ಲುವುದೇ ರೂಢಿ. ಓಡುವುದು ಅಮೆರಿಕದವರು: ‘ರನ್ ಫಾರ್ ಪ್ರೆಸಿಡೆಂಟ್’. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದೆ ಒಂದನ್ನು ಹಿಡಿಯಿರಿ. ಎರಡೂ ಬೇಡವೆನಿಸಿದರೆ ‘ಕಂಟೆಸ್ಟ್’ ಇದೆ, ಅದರ ಜೊತೆ ‘ಫಾರ್’ ಬೇಡ: ‘ಕಂಟೆಸ್ಟ್ ದ ಎಲೆಕ್ಷನ್’.

ಕಾಲ, ದೂರ, ಗಡಿಯಾರ

ರಸ್ತೆ ಕಾಡಿನ ನಡುವೆ ಹಾದುಹೋಗುತ್ತದೆ, ಗೋಡೆ ಹೊಲದ ಉದ್ದಕ್ಕೂ ಇದೆ ಎನ್ನುವಾಗಲೂ ‘ರನ್ಸ್’. ಇಲ್ಲಿ ಬದಲಿ ಪದಗಳು ‘ಎಕ್ಸ್‌ಟೆಂಡ್’, ‘ಸ್ಟ್ರೆಚ್’, ‘ಪಾಸ್’. ತರಬೇತಿ ಆರು ವಾರ ಇರುತ್ತದೆ ಎನ್ನಲು ‘ರನ್ಸ್ ಫಾರ್ ಸಿಕ್ಸ್ ವೀಕ್ಸ್’, ಅಥವಾ ‘ಲಾಸ್ಟ್ಸ್ ಸಿಕ್ಸ್ ವೀಕ್ಸ್’. ನಾಟಕ ಎರಡು ವರ್ಷ ಓಡಿತು ಎಂಬ ನಮ್ಮ ಮಾತು ಇಂಗ್ಲಿಷಿಗೆ ಹಾಗೇ ಹೋಗುತ್ತದೆ: ‘ದ ಪ್ಲೇ ರ‍್ಯಾನ್ ಫಾರ್ ಟೂ ಇಯರ್ಸ್’.

ಗಡಿಯಾರದಲ್ಲಿ ಮಾತ್ರ ಸ್ವಲ್ಪ ಸೂಕ್ಷ್ಮವಿದೆ. ‘ಮುಂದೆ ಓಡುತ್ತಿದೆ’ ಎನ್ನುವುದರಲ್ಲಿ ಎರಡು ಸಂಗತಿ ಅಡಗಿರಬಹುದು. ಈಗ ಐದು ನಿಮಿಷ ಮುಂದಿದೆ ಎಂದಾದರೆ ‘ದ ಕ್ಲಾಕ್ ಈಸ್ ಫೈವ್ ಮಿನಿಟ್ಸ್ ಫಾಸ್ಟ್’. ಪ್ರತಿದಿನ ಐದು ನಿಮಿಷ ಮುಂದಕ್ಕೆ ಹೋಗುತ್ತಲೇ ಇದೆ ಎಂದಾದರೆ ‘ಇಟ್ ರನ್ಸ್ ಫಾಸ್ಟ್’ ಅಥವಾ ‘ಇಟ್ ಗೇನ್ಸ್ ಫೈವ್ ಮಿನಿಟ್ಸ್ ಎ ಡೇ’. ಮೊದಲನೆಯದಕ್ಕೆ ಮುಳ್ಳು ತಿರುಗಿಸಿದರೆ ಸಾಕು, ಎರಡನೆಯದಕ್ಕೆ ರಿಪೇರಿ ಬೇಕು.

ಜೊತೆಗೆ ಬರುವ ಸಣ್ಣ ಪದ

‘ರನ್’ ಪಕ್ಕದಲ್ಲಿ ‘ಔಟ್’, ‘ಇನ್‌ಟು’, ‘ಓವರ್’, ‘ಡೌನ್’ ಕಂಡರೆ ಓಟದ ಅರ್ಥವನ್ನು ಪಕ್ಕಕ್ಕಿಟ್ಟು ಜೋಡಿಯನ್ನೇ ನಿಘಂಟಿನಲ್ಲಿ ಹುಡುಕಿ.

‘ರನ್ ಔಟ್’ನಲ್ಲಿ ಆಗುವ ತಪ್ಪು ದಿನವೂ ಕಣ್ಣಿಗೆ ಬೀಳುತ್ತದೆ. ಪ್ರಿಂಟರಿನ ಇಂಕು ಮುಗಿದಿದೆ ಎನ್ನಿ. ಇಂಕು ಕರ್ತೃವಾದರೆ ‘ದ ಇಂಕ್ ಹ್ಯಾಸ್ ರನ್ ಔಟ್’. ನಾವು ಕರ್ತೃವಾದರೆ ‘ವೀ ಹ್ಯಾವ್ ರನ್ ಔಟ್ ಆಫ್ ಇಂಕ್’. ಮುಗಿದ ವಸ್ತು ಮುಂದೆ ಬಂದರೆ ‘ಆಫ್’ ಬೇಡ, ಬಳಸುವವರು ಮುಂದೆ ಬಂದರೆ ‘ಆಫ್’ ಬೇಕೇಬೇಕು. ‘ದ ಇಂಕ್ ವಾಸ್ ರನ್ ಔಟ್’ ಎಂದು ಬರೆಯಬೇಡಿ. ‘ವಾಸ್ ರನ್ ಔಟ್’ ಕ್ರಿಕೆಟ್ಟಿನದು, ಅಲ್ಲಿ ಬೇರೆಯವರು ಬ್ಯಾಟರನ್ನು ಔಟ್ ಮಾಡಿರುತ್ತಾರೆ. ಪರವಾನಗಿಯ ಅವಧಿ ಮುಗಿದರೂ ‘ರನ್ ಔಟ್’ ಎನ್ನಬಹುದು, ಕಚೇರಿಯ ಪತ್ರದಲ್ಲಿ ‘ಎಕ್ಸ್‌ಪೈರ್’ ಮೇಲು. ಪೂರ್ತಿ ಮುಗಿಯದೆ ಕೊರತೆಯ ಹಂತ ತಲುಪಿದ್ದರೆ ‘ರನ್ನಿಂಗ್ ಲೋ’ ಅಥವಾ ‘ರನ್ನಿಂಗ್ ಶಾರ್ಟ್’.

‘ರನ್ ಇನ್‌ಟು’ ಮುಂದಿನ ಪದ ನೋಡಿಕೊಂಡು ಅರ್ಥ ಬದಲಿಸುತ್ತದೆ. ಗೋಡೆಯಾದರೆ ಡಿಕ್ಕಿ, ಗೆಳೆಯರಾದರೆ ಅಚಾನಕ್ಕಾಗಿ ಸಿಕ್ಕಿದ್ದು, ತೊಂದರೆಯಾದರೆ ಎದುರಾದದ್ದು, ಲಕ್ಷವಾದರೆ ಮೊತ್ತ ಅಷ್ಟಕ್ಕೆ ಮುಟ್ಟಿದ್ದು. ‘ರನ್ ಓವರ್’ ಎಂದರೆ ವಾಹನ ಮೈಮೇಲೆ ಹರಿಯುವುದು, ಕಾರ್ಯಕ್ರಮ ಗೊತ್ತಾದ ಸಮಯ ಮೀರುವುದು ಕೂಡ ಅದೇ. ‘ರನ್ ಡೌನ್’ಗೆ ಬ್ಯಾಟರಿ ಇಳಿಯುವುದು, ಒಬ್ಬರನ್ನು ತೆಗಳುವುದು ಎರಡೂ ಅರ್ಥಗಳಿವೆ. ನಡುವೆ ಗೆರೆ ಹಾಕಿ ವಿಶೇಷಣ ಮಾಡಿದರೆ ಪಾಳುಬಿದ್ದ ಕಟ್ಟಡ ಅಥವಾ ಸೊರಗಿದ ಮನುಷ್ಯ. ‘ರನ್ ಥ್ರೂ’ ಎಂದರೆ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಅಭ್ಯಾಸ ಮಾಡುವುದು. ‘ರನ್ ಅಪ್ ಎ ಬಿಲ್’ ಎಂದರೆ ಬಾಕಿ ಬೆಳೆಯಲು ಬಿಡುವುದು.

‘ಓಡು’ ಇದ್ದರೂ ‘ರನ್’ ಆಗದ ಮಾತುಗಳು

ತಲೆ ಓಡಿಸು ಎನ್ನಲು ‘ಯೂಸ್ ಯುವರ್ ಹೆಡ್’. ತಲೆಯೇ ಓಡುತ್ತಿಲ್ಲ ಎನ್ನಲು ‘ಐ ಕಾಂಟ್ ಥಿಂಕ್ ಸ್ಟ್ರೇಟ್’. ಮನಸ್ಸು ಎಲ್ಲೆಲ್ಲೋ ಓಡುತ್ತಿದ್ದರೆ ‘ಮೈ ಮೈಂಡ್ ಈಸ್ ವಾಂಡರಿಂಗ್’. ಯೋಚನೆಗಳು ಒಂದರ ಹಿಂದೊಂದು ನುಗ್ಗುತ್ತಿದ್ದರೆ ‘ರೇಸಿಂಗ್’. ಪುಟದ ಮೇಲೆ ಕಣ್ಣೋಡಿಸುವುದು ಮಾತ್ರ ಅಚ್ಚುಕಟ್ಟಾಗಿ ಕೂಡುತ್ತದೆ: ‘ರನ್ ಯುವರ್ ಐಸ್ ಓವರ್ ದ ಪೇಜ್’. ಸಾರ ತಿಳಿಯಲು ಹಾಗೆ ಮಾಡಿದರೆ ‘ಸ್ಕಿಮ್’, ಒಂದು ಹೆಸರನ್ನೋ ಅಂಕಿಯನ್ನೋ ಹುಡುಕಲು ಮಾಡಿದರೆ ‘ಸ್ಕ್ಯಾನ್’.

ತಿರುವುಮುರುವಾದ ತಪ್ಪುಗಳೂ ಇವೆ. ಚಲಿಸುವ ಬಸ್ಸು ‘ಮೂವಿಂಗ್ ಬಸ್’, ‘ರನ್ನಿಂಗ್ ಬಸ್’ ಅಲ್ಲ. ‘ನನಗೆ ಇಪ್ಪತ್ತೈದು ನಡೀತಿದೆ’ ಎಂಬುದನ್ನು ‘ಟ್ವೆಂಟಿಫೈವ್ ರನ್ನಿಂಗ್’ ಎಂದು ಅರ್ಜಿಯಲ್ಲಿ ಬರೆಯುವುದುಂಟು. ಇಂಗ್ಲಿಷಿನಲ್ಲಿ ತುಂಬಿದ ವರ್ಷವನ್ನೇ ಹೇಳುವುದು ರೂಢಿ, ಆದ್ದರಿಂದ 24 ಎಂದೇ ಬರೆಯಬೇಕು. ‘ರನ್ನಿಂಗ್’ ಪದ ಸಂಖ್ಯೆಯ ಹಿಂದೆ ಬರುವುದು ಬೇರೆ ಅರ್ಥಕ್ಕೆ: ‘ಫೈವ್ ಡೇಸ್ ರನ್ನಿಂಗ್’ ಎಂದರೆ ಸತತ ಐದು ದಿನ. ಎರಡನೇ ಸ್ಥಾನ ಪಡೆದ ಒಬ್ಬರು ‘ರನ್ನರ್ ಅಪ್’, ಹಲವರಾದರೆ ‘ರನ್ನರ್ಸ್ ಅಪ್’.

ರೂಪಗಳ ಬಗ್ಗೆ ಒಂದೇ ಎಚ್ಚರಿಕೆ: ರನ್, ರ‍್ಯಾನ್, ರನ್. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಆದಮೇಲೆ ‘ರ‍್ಯಾನ್’ ಬರುವುದಿಲ್ಲ.

ಸಮಾನಾರ್ಥಕ ಕೋಶ ತೆರೆದಾಗ

ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಥಿಸಾರಸ್ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ವಿಚಾರದ ಗುಂಪುಗಳಾಗಿ ಜೋಡಿಸಿತು. ಅದರ ಉದ್ದೇಶ ಅರ್ಥ ವಿವರಿಸುವುದಲ್ಲ, ಗೊತ್ತಿರುವ ಪದವನ್ನು ನೆನಪಿಗೆ ತರುವುದು. ಇಂದಿನ ಸಮಾನಾರ್ಥಕ ಕೋಶಗಳನ್ನೂ ಹಾಗೆಯೇ ಬಳಸಬೇಕು. ಪಟ್ಟಿಯಿಂದ ಅಪರಿಚಿತ ಪದ ಎತ್ತಿಕೊಂಡು ನೇರವಾಗಿ ವಾಕ್ಯದಲ್ಲಿ ಕೂರಿಸಿದರೆ ಎಡವಟ್ಟು ಆಗುವುದೇ ಹೆಚ್ಚು.

ಕ್ರಮ ಹೀಗಿರಲಿ. ಮೊದಲು ನಿಮ್ಮ ವಾಕ್ಯದ ‘ರನ್’ ಯಾವ ಕುಟುಂಬದ್ದೆಂದು ಕನ್ನಡದಲ್ಲಿ ಒಂದು ಪದ ಬರೆದುಕೊಳ್ಳಿ: ಹರಿ, ನಡೆಸು, ಮುಗಿ, ಚಾಚು. ಕೋಶದಲ್ಲಿ ಆ ಅರ್ಥದ ಗುಂಪನ್ನು ಮಾತ್ರ ನೋಡಿ. ಎರಡು ಪದ ಆರಿಸಿ, ಪ್ರತಿಯೊಂದನ್ನೂ ಸಾಮಾನ್ಯ ನಿಘಂಟಿನಲ್ಲಿ ತಿರುಗಿ ತೆರೆದು ಉದಾಹರಣೆ ವಾಕ್ಯಗಳನ್ನು ಓದಿ. ಅವುಗಳಲ್ಲಿ ಕರ್ತೃ ಎಂಥದ್ದು, ಕರ್ಮ ಇದೆಯೇ, ಯಾವ ಸಣ್ಣ ಪದ ಜೊತೆಗಿದೆ ಎಂದು ಗಮನಿಸಿ. ನಿಮ್ಮ ವಾಕ್ಯದ ಕರ್ತೃ ಅಂಥದ್ದೇ ಆಗಿದ್ದರೆ ಪದ ಹಾಕಿ. ಇಲ್ಲದಿದ್ದರೆ ‘ರನ್’ ಇದ್ದಲ್ಲೇ ಇರಲಿ. ಅದು ಸರಳ ಪದ, ಮತ್ತೆ ಮತ್ತೆ ಬಂದರೂ ಓದುವವರಿಗೆ ಕಿರಿಕಿರಿ ಆಗುವುದಿಲ್ಲ.

ಕೈ ಪಳಗಲು ಈ ಐದನ್ನು ಇಂಗ್ಲಿಷಿಗೆ ತಂದು ನೋಡಿ: ಬಾವಿ ಬತ್ತಿದೆ. ನನಗೆ ತಡವಾಗುತ್ತಿದೆ. ಈ ಗುಣ ಅವರ ವಂಶದಲ್ಲೇ ಇದೆ. ಪತ್ರಿಕೆ ಆ ಸುದ್ದಿಯನ್ನು ಪ್ರಕಟಿಸಿತು. ಅವನು ಮಾತುಕತೆ ನಡೆಸಿದ.

ಉತ್ತರ: ‘ದ ವೆಲ್ ಹ್ಯಾಸ್ ರನ್ ಡ್ರೈ’. ‘ಐ ಆ್ಯಮ್ ರನ್ನಿಂಗ್ ಲೇಟ್’. ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’. ‘ದ ಪೇಪರ್ ರ‍್ಯಾನ್ ದ ಸ್ಟೋರಿ’, ಇಲ್ಲಿ ‘ಪಬ್ಲಿಷ್ಡ್’ ಅಥವಾ ‘ಕ್ಯಾರೀಡ್’ ಕೂಡ ನಡೆಯುತ್ತದೆ. ಐದನೆಯದಕ್ಕೆ ‘ಹಿ ಹೆಲ್ಡ್ ಟಾಕ್ಸ್’.